ಸಾತಪ್ಪನ ಬಂದೂಕಿಗೊಂದು ಜಾಗ

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೊರಡುವ ಬೆಳಗಿನ ಏಳೂಕಾಲಿನ ಬಸ್ಸಿನಲ್ಲಿ ಸಾತಪ್ಪ ಬನಸೋಡೆಗೆ ಒಂದು ಸೀಟು ಇದ್ದೇ ಇರುತ್ತಿತ್ತು. ಎಷ್ಟೇ ಗದ್ದಲವಿದ್ದರೂ ಜನ ಅವನ ಪಕ್ಕದಲ್ಲಿ ಕೂರಲು ಹಿಂದೆಮುಂದೆ ನೋಡುತ್ತಿದ್ದರು. ಅವನ ಎರಡು ಮೊಣಕಾಲುಗಳ ನಡುವೆ ಖಾಕಿ ಚೀಲದೊಳಗೆ ಎರಡು ನಳಿಗೆಯ ಬಂದೂಕು ನಿಂತಿರುತ್ತಿತ್ತು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಅವನು ಅದನ್ನು ತೊಡೆಗೆ ಒತ್ತಿ ಹಿಡಿಯುತ್ತಿದ್ದ. ಇಪ್ಪತ್ತೊಂದು ವರ್ಷ ಹೀಗೆ ಹೋಗಿ ಬಂದಿದ್ದ. ಬಲಗಡೆಯ ಹೆಗಲು ಎಡಗಡೆಯದಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಅವನ ಹೆಂಡತಿ ಪುತಳಾಬಾಯಿ ಅಂಗಿಯ ಗುಂಡಿ ಹಚ್ಚುವಾಗ ಅದನ್ನು ಗಮನಿಸಿ ಹೇಳಿದ್ದಳು.

ಹದಿನೇಳು ವರ್ಷ ಫೌಜಿನಲ್ಲಿದ್ದು ಪಿಂಚಣಿ ತೆಗೆದುಕೊಂಡು ಬಂದಾಗ ಸಾತಪ್ಪನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದ ಕಾಲ. ಸಿಗುವ ಕೆಲಸವೆಂದರೆ ಪಹರೆಯದು. ಅದರಲ್ಲೂ ಸ್ವಂತ ಬಂದೂಕು, ಸ್ವಂತ ಪರವಾನಗಿ ಇದ್ದವನಿಗೆ ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಕೆಲಸ ಸಿಗುತ್ತಿತ್ತು. ಅವನು ಜಿಲ್ಲಾಧಿಕಾರಿ ಕಚೇರಿಗೆ ಎಂಟು ತಿಂಗಳು ಅಲೆದು ಪರವಾನಗಿ ಮಾಡಿಸಿದ, ಹಳೆಯದೊಂದು ಬಂದೂಕು ಕೊಂಡ, ನವಿ ಪೇಠದ ಒಂದು ಸಹಕಾರಿ ಬ್ಯಾಂಕಿನಲ್ಲಿ ನಿಂತ. ನಿಂತವನು ನಿಂತೇ ಇದ್ದ. ಅಷ್ಟು ವರ್ಷಗಳಲ್ಲಿ ಬ್ಯಾಂಕಿನಲ್ಲಿ ಒಂದು ಸಲವೂ ಬಂದೂಕಿನ ಕುದುರೆ ಎಳೆಯುವ ಪ್ರಸಂಗ ಬರಲಿಲ್ಲ. ಪಾಸ್‌ಬುಕ್ ತಿಳಿಯದ ಮುದುಕಿಯರಿಗೆ ಕಿಟಕಿ ತೋರಿಸುವುದು, ಚಪ್ಪಲಿ ಕಳೆದುಕೊಂಡವರಿಗೆ ಹುಡುಕಿಕೊಡುವುದು, ಇವೇ ಹೆಚ್ಚು.

ಫೌಜಿನಲ್ಲಿ ಬಂದೂಕಿಗೆ ಒಂದು ಮನೆ ಇತ್ತು. ಅದಕ್ಕೆ ಕೋತ ಅನ್ನುತ್ತಿದ್ದರು. ಡ್ಯೂಟಿ ಮುಗಿದ ಮೇಲೆ ರಜಿಸ್ಟರಿನಲ್ಲಿ ಬರೆದು ಒಳಗೆ ಇಟ್ಟು ಬಂದರೆ ಸಿಪಾಯಿಯ ಕೈ ಖಾಲಿ. ಬ್ಯಾಂಕಿನಲ್ಲಿ ಹಾಗಿರಲಿಲ್ಲ. ಸಂಜೆ ಶಟರ್ ಎಳೆದ ಮೇಲೆ ಬಂದೂಕು ಅವನದು, ಅದರ ಹೊರೆಯೂ ಅವನದು. ಹೀಗಾಗಿ ಅದು ಅವನ ಜೊತೆಗೇ ಅಕ್ಕಲಕೋಟದ ಎರಡು ಖೋಲಿಯ ಮನೆಗೆ ಬರುತ್ತಿತ್ತು.

ಮೊದಲು ಅದನ್ನು ಜೋಳದ ಚೀಲಗಳ ಹಿಂದೆ ನಿಲ್ಲಿಸುತ್ತಿದ್ದ. ಮಗ ಅವಿನಾಶನಿಗೆ ಮದುವೆಯಾಗಿ ಮೊಮ್ಮಗಳು ಸೋನಾಲಿ ಹುಟ್ಟಿದಾಗ ಒಂದು ಉದ್ದನೆಯ ಕಬ್ಬಿಣದ ಟ್ರಂಕು ಮಾಡಿಸಿ, ಬೀಗ ಹಾಕಿ, ಮಂಚದ ಕೆಳಗೆ ತಳ್ಳಿದ. ಬೀಗದ ಕೈ ಬಾಬಾಸಾಹೇಬರ ಫೋಟೋದ ಹಿಂದೆ. ಕಾಡತೂಸುಗಳು ಅಡಿಗೆಮನೆಯ ಅಟ್ಟದಲ್ಲಿ, ಬಿಸ್ಕಿಟ್ ಡಬ್ಬಿಯಲ್ಲಿ. ಐದು ವರ್ಷಕ್ಕೊಮ್ಮೆ ಪರವಾನಗಿ ಹೊಸದು ಮಾಡಿಸುವಾಗ ಪೊಲೀಸರು ಬಂದು ಟ್ರಂಕನ್ನೂ ಬೀಗವನ್ನೂ ನೋಡಿ ಬರೆದುಕೊಂಡು ಹೋಗುತ್ತಿದ್ದರು. ಬೀಗ ಗಟ್ಟಿಯಾಗಿಯೇ ಇತ್ತು. ಸಾತಪ್ಪನಿಗೆ ಅದರ ಮೇಲೆ ನಂಬಿಕೆಯೂ ಇತ್ತು.

ಸೋನಾಲಿ ಮೂರನೆಯ ತರಗತಿಯಲ್ಲಿದ್ದಳು. ಅಕ್ಕಲಕೋಟದ ಹಳೇ ಅರಮನೆಯಲ್ಲಿ ಸಂಸ್ಥಾನದ ಕಾಲದ ಶಸ್ತ್ರಾಗಾರವಿದೆ. ಆ ವರ್ಷ ಕನ್ನಡ ಶಾಲೆಯ ಮಕ್ಕಳನ್ನು ಕಲ್ಯಾಣಮ್ಮ ಟೀಚರ್ ಸಾಲು ಕಟ್ಟಿಸಿ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಮಕ್ಕಳು ಕತ್ತಿಗಳನ್ನು ನೋಡಿದರು, ಬಂದೂಕುಗಳನ್ನು ನೋಡಿದರು. ಒಂದು ಗಾಜಿನ ಕಪಾಟಿನ ಮುಂದೆ ಸೋನಾಲಿ ನಿಂತುಬಿಟ್ಟಳು.

"ಟೀಚರ್, ಇವ್ರು ಎಲ್ಲಾ ಕಾಜಿನ್ಯಾಗ ಇಟ್ಟಾರ. ನಮ್ಮ ಮನ್ಯಾಗಿಂದು ಮುಟ್ಟಾಕ ಬರ್ತದ," ಅಂದಳು.

ಕಲ್ಯಾಣಮ್ಮ ಸಾಲನ್ನು ಮುಂದಕ್ಕೆ ನಡೆಸಿದರು. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದ ಅವಳ ಅವ್ವ, ಸಾತಪ್ಪನ ಸೊಸೆ ಸಾರಿಕಾಳನ್ನು ಪಕ್ಕಕ್ಕೆ ಕರೆದು ಹೇಳಿದರು. ಸಾರಿಕಾ ದಾರಿಯುದ್ದಕ್ಕೂ ಮಗಳ ಕೈ ಬಿಡಲಿಲ್ಲ. ಮನೆಯಲ್ಲಿ ಅಂದು ಯಾರಿಗೂ ಹೇಳಲೂ ಇಲ್ಲ. ಭಾನುವಾರ, ಮಾವ ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಬಾಯಿ ತೆರೆದಳು.

"ಮಾಮಾ, ಸೋನಾಲಿಗೆ ಒಂದು ಮಾತು ಕೇಳ್ರಿ. ನಿಮ್ಮ ಟ್ರಂಕಿನ ಚಾವಿ ಎಲ್ಲಿರ್ತದ ಅಂತ ಕೇಳ್ರಿ."

ಸಾತಪ್ಪ ಮೊಮ್ಮಗಳ ಕಡೆ ನೋಡಿದ. ಅವಳು ನೆಲದ ಮೇಲೆ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

"ಎಲ್ಲದ ಹೇಳವ್ವ," ಅಂದ.

"ಫೋಟೋದ ಹಿಂದ, ಮುತ್ಯಾ."

"ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ನೀ ದಿನಾ ಸಂಜಿಗಿ ಅಲ್ಲೇ ಇಡ್ತಿ. ನಾ ನೋಡ್ತೀನಿ."

"ತಗದಿಯೇನು ಟ್ರಂಕ?"

ಸೋನಾಲಿ ಬಣ್ಣದ ಕಡ್ಡಿ ಕೆಳಗಿಟ್ಟು ಅವ್ವನ ಮುಖ ನೋಡಿದಳು. ಬೈಯುವ ಲಕ್ಷಣ ಕಾಣದೆ ಹೇಳಿದಳು. "ಎರಡು ಸಲ. ಒಂದ್ ಸಲ ನಾ ಒಬ್ಬಾಕಿ. ಒಂದ್ ಸಲ ಪ್ರಣಾಲಿಗೆ ತೋರಿಸಿದೆ. ಅದಕ್ಕ ಎರಡು ತೂತು ಅದಾವಲ್ಲ ಮುತ್ಯಾ, ಒಂದ್ರಾಗ ಆಕಿ ನೋಡಿದ್ಲು, ಒಂದ್ರಾಗ ನಾ ನೋಡಿದೆ. ಒಳಗ ಬರೇ ಕತ್ತಲಿತ್ತು."

ಪುತಳಾಬಾಯಿ ತೊಳೆಯಲು ಎತ್ತಿಕೊಂಡಿದ್ದ ತಾಟು ಹಾಗೇ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತಳು. ಪ್ರಣಾಲಿ ಎದುರುಮನೆಯ ಹುಡುಗಿ. ಅವಳ ಅವ್ವ ಆ ಹೊತ್ತಿಗೆ ಹೊರಗೆ ಬಟ್ಟೆ ಒಣಹಾಕುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು.

ಸಾತಪ್ಪ ಮಗುವಿಗೆ ಬೈಯಲಿಲ್ಲ. ಬೈಯಲು ಅವನಿಗೆ ತ್ರಾಣವಿರಲಿಲ್ಲ ಅನ್ನಬೇಕು. ಫೋಟೋದ ಹಿಂದಿನಿಂದ ಬೀಗದ ಕೈ ತೆಗೆದು ಉಡದಾರಕ್ಕೆ ಕಟ್ಟಿಕೊಂಡ. ಮಂಚದ ಮೇಲೆ ಕುಳಿತ.

ಎರಡು ದಿನ ಬಿಟ್ಟು ಛಾಯಾ ಬಂದಳು. ಬೋರಾಮಣಿ ಕಡೆಯ ಕುರಿ ಸಾಕುವ ಮನೆತನದ ಹುಡುಗಿ, ಮಹಿಳಾ ಪೊಲೀಸ್ ಸಿಪಾಯಿ. ಶಾಲೆಗಳಿಗೆ ಹೋಗಿ ಮಕ್ಕಳ ಸುರಕ್ಷತೆಯ ಬಗ್ಗೆ ಹೇಳುವ ಕೆಲಸ ಅವಳಿಗೆ ಹಚ್ಚಿದ್ದರು. ಕಲ್ಯಾಣಮ್ಮ ಅವಳಿಗೂ ವಿಷಯ ಮುಟ್ಟಿಸಿದ್ದರು. ಸಾತಪ್ಪ ಅಂದು ರಜೆ ಹಾಕಿ ಮನೆಯಲ್ಲಿದ್ದ. ಅವಳು ಚಪ್ಪಲಿ ಹೊರಗೆ ಬಿಟ್ಟು ಬಂದು, ಚಾಪೆಯ ಮೇಲೆ ಕುಳಿತು, ಪರವಾನಗಿ ಕಡತದ ಒಂದು ಝೆರಾಕ್ಸ್ ಹಾಳೆ ಬಿಡಿಸಿದಳು.

"ಕಾಕಾ, ಇದು ನಿಮ್ಮ ಸಹಿ ಹೌದಲ್ರಿ?"

"ಹೌದು."

"ಓದಿ ಮಾಡಿದ್ರಿ?"

"ಎಲ್ಲಾರೂ ಮಾಡ್ತಾರಂತ ಮಾಡಿದೆ. ಇಂಗ್ಲೀಷಿನ್ಯಾಗ ಇತ್ತು."

ಅವಳು ಅದನ್ನು ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿದಳು. ಬಂದೂಕನ್ನು ಬಿಚ್ಚಿ, ಖಾಲಿ ಮಾಡಿ, ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತೇನೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುತ್ತೇನೆ. ಅದು ಅವನೇ ಸರಕಾರಕ್ಕೆ ಬರೆದುಕೊಟ್ಟ ಮುಚ್ಚಳಿಕೆ. ತಪ್ಪಿದರೆ ಪರವಾನಗಿ ಹೋಗುತ್ತದೆ. ಅವಾಂತರವಾದರೆ ಕೇಸು.

"ನಾ ಈಗ ಕಾಗದ ಮಾಡೂದಿಲ್ರಿ," ಅಂದಳು ಛಾಯಾ. "ಹದಿನೈದು ದಿನ ಬಿಟ್ಟು ಬರ್ತೀನಿ. ಏನಾರ ಒಂದು ವ್ಯವಸ್ಥಾ ಮಾಡ್ರಿ. ಯಾವಾಗ್ಲೂ ನಮ್ಮನ್ನ ಎಲ್ಲಾ ಆದಮ್ಯಾಗ ಕರೀತಾರ. ಆಗೂಕಿಂತ ಮೊದಲ ಯಾರ ಮನಿಗೂ ನಾ ಹಿಂಗ ಬಂದಿಲ್ಲ."

ಅವಳು ಚಹಾ ಕುಡಿದು ಎದ್ದಳು. ಆ ದಿನ ಇನ್ನೂ ಎರಡು ಶಾಲೆಗಳಿಗೆ ಹೋಗುವುದಿತ್ತು.

ಅಂದಿನಿಂದ ಸಾತಪ್ಪ ಬಂದೂಕಿಗೆ ಜಾಗ ಹುಡುಕಲು ಹತ್ತಿದ. ಮೊದಲು ಬ್ಯಾಂಕಿನ ಮ್ಯಾನೇಜರ್ ಗುರುಶಾಂತ ಅವರ ಮುಂದೆ ನಿಂತ.

"ಸಾಹೇಬ್ರ, ಸಂಜಿಗಿ ಇಲ್ಲೇ ಇಟ್ಟು ಹೋಗ್ತೀನ್ರಿ. ಮುಂಜಾನಿ ಬಂದು ತಗೋತೀನಿ."

"ಇಲ್ಲೆಲ್ಲಿಡ್ತಿ ಸಾತಪ್ಪ?"

"ತಿಜೋರಿ ಖೋಲ್ಯಾಗ."

ಗುರುಶಾಂತ ಒಳ್ಳೆಯ ಮನುಷ್ಯ. ಕುರ್ಚಿ ತೋರಿಸಿ ಕೂರು ಅಂದರು. "ಬಂದೂಕು ನಿನ್ನದು, ಲೈಸೆನ್ಸು ನಿನ್ನ ಹೆಸರಿಲೆ. ನಾಳಿ ಏನಾರ ಆದ್ರ ನಾ ಯಾವ ಜವಾಬು ಕೊಡಲಿ? ಹೆಡ್ ಆಫೀಸಿಗೆ ಬರೀತೀನಿ." ಅವರು ಬರೆದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ಆಮೇಲೆ ಸಾತಪ್ಪನೇ ಕೇಳುವುದನ್ನು ಬಿಟ್ಟ.

ಅವಿನಾಶ ಟವೆಲ್ ಕಾರಖಾನೆಯಲ್ಲಿ ಮಗ್ಗ ನೋಡಿಕೊಳ್ಳುವವನು. ಕಬ್ಬಿಣದ ಕೆಲಸ ಬಲ್ಲವರ ಗುರುತಿತ್ತು. ಒಂದು ಗಟ್ಟಿ ಕಪಾಟು ಮಾಡಿಸಿ ತಂದು ಗೋಡೆಗೆ ಬೋಲ್ಟು ಹಾಕಿಸಿದ. ಬೀಗದ ಕೈ ಅಪ್ಪನ ಉಡದಾರದಲ್ಲಿ. ಹದಿನೈದು ದಿನಕ್ಕೆ ಸರಿಯಾಗಿ ಬಂದ ಛಾಯಾ ಕಪಾಟು ಅಲ್ಲಾಡಿಸಿ ನೋಡಿ, ಈಗ ಆತು ಅಂದಳು. ಸಾರಿಕಾಳಿಗೆ ಮಾತ್ರ ಧೈರ್ಯ ಬರಲಿಲ್ಲ. ಮೊದಲು ಹೊಲಿಗೆಯ ಬಟ್ಟೆ ತಲುಪಿಸಲು ಪೇಟೆಗೆ ಹೋಗುವಾಗ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿದ್ದವಳು, ಈಗ ಬಿಸಿಲಿರಲಿ ಮಳೆಯಿರಲಿ ಜೊತೆಗೇ ಕರೆದುಕೊಂಡು ಹೋಗುತ್ತಿದ್ದಳು. ಪ್ರಣಾಲಿಯ ಅವ್ವನಿಗೂ ಸುದ್ದಿ ಹೇಗೋ ಮುಟ್ಟಿತ್ತು. ಪ್ರಣಾಲಿ ಆಡಲು ಬರುವುದು ನಿಂತಿತು.

ಒಂದೆರಡು ತಿಂಗಳು ಸಾತಪ್ಪ ಮುಚ್ಚಳಿಕೆಯಲ್ಲಿ ಬರೆದ ಹಾಗೇ ನಡೆದ. ಸಂಜೆ ಬಂದವನೇ ಬಾಗಿಲು ಮುಂದೆ ಮಾಡಿ, ಬಂದೂಕನ್ನು ಮೂರು ಭಾಗ ಮಾಡಿ ಬಿಚ್ಚಿ, ಒರೆಸಿ, ಇಡುತ್ತಿದ್ದ. ಬೆಳಿಗ್ಗೆ ಮತ್ತೆ ಜೋಡಿಸುತ್ತಿದ್ದ. ಆದರೆ ಅರವತ್ತು ದಾಟಿದ ಮೈ. ಎಂಟು ತಾಸು ನಿಂತು, ಬಸ್ಸಿನಲ್ಲಿ ಕುಲುಕಿ ಬಂದ ಮೇಲೆ ಕೆಲವು ದಿನ ಬಿಚ್ಚಲು ಬೇಸರ. ನಾಳೆ ಮತ್ತೆ ಜೋಡಿಸುವುದೇ ಅಲ್ಲವೇ ಅಂದುಕೊಂಡು ಹಾಗೇ ಇಟ್ಟುಬಿಡುತ್ತಿದ್ದ.

ದೀಪಾವಳಿಗೆ ಮೂರು ದಿನ ಮೊದಲು ಬ್ಯಾಂಕಿನಲ್ಲಿ ವಿಪರೀತ ಗದ್ದಲವಿತ್ತು. ನಗದಿನ ಗಾಡಿ ಬರುವಾಗ ಬಂದೂಕಿಗೆ ಎರಡು ಕಾಡತೂಸು ತುಂಬಬೇಕು, ಗಾಡಿ ಹೋದ ಮೇಲೆ ತೆಗೆಯಬೇಕು. ಆ ದಿನ ಗಾಡಿ ಬಂದದ್ದೇ ಸಂಜೆ, ಶಟರ್ ಅರ್ಧ ಎಳೆದಾಗ. ಅದು ಹೋದ ಮೇಲೆ ಸಾತಪ್ಪ ಬಂದೂಕು ಮುರಿದು, ಅಂದರೆ ನಡುವೆ ಬಗ್ಗಿಸಿ ನಳಿಗೆಗಳ ಹಿಂಬಾಯಿ ತೆರೆದು, ಬಲಗಡೆಯ ಕಾಡತೂಸು ತೆಗೆದ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಒಬ್ಬಳು ಒಳಗೆ ಚೀಲ ಮರೆತಿದ್ದೇನೆ ಎಂದು ಅಳುತ್ತ ಕೂಗಿದಳು. ಅವನು ಹೋಗಿ ಚೀಲ ಹುಡುಕಿಕೊಟ್ಟ. ಬಸ್ಸಿಗೆ ಹೊತ್ತಾಗಿತ್ತು. ಓಡಿ ಹತ್ತಿದ. ಮನೆಗೆ ಬಂದು ಬಂದೂಕನ್ನು ಬಿಚ್ಚದೆ ಕಪಾಟಿನಲ್ಲಿ ಇಟ್ಟು, ಉಂಡು ಮಲಗಿದ.

ಮರುದಿನ ಬೆಳಿಗ್ಗೆ ಬ್ಯಾಂಕಿನ ಮೆಟ್ಟಿಲ ಮೇಲೆ ಬಂದೂಕು ಮುರಿದು ನೋಡಿದಾಗ ಎಡ ನಳಿಗೆಯಲ್ಲಿ ಕೆಂಪು ಕಾಡತೂಸು ಕುಳಿತಿತ್ತು.

ಅವನು ಅದನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡ. ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಎಳೆಗೂಸಿಗೆ ಟೋಪಿ ಕಟ್ಟುತ್ತ ಕುಳಿತಿದ್ದಳು. ಅದು ನೆನಪಾಯಿತು. ಮನೆಯಲ್ಲಿ ಬೀಗದ ಕೈ ಮೈಮೇಲೆ ಕಟ್ಟಿಕೊಂಡು ನಿಶ್ಚಿಂತೆಯಿಂದ ಮಲಗಿದ್ದು ನೆನಪಾಯಿತು. ಮೊಮ್ಮಗಳಿಂದ ಬಂದೂಕನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದ. ತನ್ನಿಂದ ಅದನ್ನು ಯಾರು ಕಾಯಬೇಕು ಅನ್ನುವುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಗುರುಶಾಂತರಿಗೆ ಹೇಳಿದ. ಅವರು ಎದ್ದು ಬಾಗಿಲು ಹಾಕಿದರು. "ಇದನ್ನ ಮತ್ತ ಯಾರ ಮುಂದೂ ಆಡಬ್ಯಾಡ," ಅಂದರು. ಮನೆಯಲ್ಲಿ ಪುತಳಾಬಾಯಿಗೆ ಹೇಳಿದ. ಅವಳು, "ನಿಮಗ ದಣಿವಾಗ್ಯದ. ಸಾಕು ಮಾಡ್ರಿ," ಅಂದಳು. ಛಾಯಾಳಿಗೆ ಫೋನು ಮಾಡಿದ. ಅವಳು ಬೈಯಬಹುದು ಅಂದುಕೊಂಡಿದ್ದ. ಅವಳು ಬೈಯದೆ ಕೇಳಿದಳು:

"ಕಾಕಾ, ಸೊಲ್ಲಾಪುರದಾಗ ಬಂದೂಕು ಮಾರೂ ಅಂಗಡಿ ಗೊತ್ತದಿಲ್ರಿ? ಅವರ ಕಡಿ ಜಮಾ ಇಡಾಕ ಕಾಯ್ದೆದಾಗ ಬರ್ತದ. ಪಾವತಿ ಚೀಟಿ ಕೊಡ್ತಾರ."

"ದಿನಾ ಇಟ್ಟು ದಿನಾ ತಗೋತೀನಿ ಅಂದ್ರ ಕೇಳ್ತಾರೇನು?"

"ಕೇಳಿ ನೋಡ್ರಿ."

ಅಂಗಡಿ ಯೋಗಿರಾಜ ಎಂಬ ಮುದುಕನದು. ಕೆಳಗೆ ಅಂಗಡಿ, ಮೇಲೆ ಮನೆ. ಗಿರಾಕಿ ಅಷ್ಟಕ್ಕಷ್ಟೆ. ಸಾತಪ್ಪ ಹೇಳಿದ್ದನ್ನೆಲ್ಲ ಅವನು ಕಿವಿಗೆ ಕೈ ಹಿಡಿದು ಕೇಳಿದ. ಎಡ ನಳಿಗೆಯ ಮಾತನ್ನೂ ಸಾತಪ್ಪ ಮುಚ್ಚಿಡಲಿಲ್ಲ.

"ನಲವತ್ತು ವರ್ಷ ಬಂದೂಕು ಮಾರೀನಿ," ಅಂದ ಯೋಗಿರಾಜ. "ಒಯ್ಯೂ ಮುಂದ ಯಾರೂ ಕೇಳೂದಿಲ್ಲ ನೋಡು, ಇದನ್ನ ಎಲ್ಲಿಡಲಿ ಅಂತ. ಎಷ್ಟು ದೂರ ಹೊಡೀತದ ಅಂತ ಕೇಳ್ತಾರ. ಮುಂಜಾನಿ ಎಂಟೂವರಿಗಿ ಬಾ. ನಾ ಎದ್ದಿರ್ತೀನಿ."

ಅಲ್ಲಿಂದ ಎರಡು ವರ್ಷ ಹೀಗೆ ನಡೆಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಂಗಡಿಗೆ ನಡೆದು ಹೋಗಿ, ರಜಿಸ್ಟರಿನಲ್ಲಿ ಸಹಿ ಮಾಡಿ, ಬಂದೂಕು ತೆಗೆದುಕೊಂಡು ಬ್ಯಾಂಕಿಗೆ. ಸಂಜೆ ಬ್ಯಾಂಕಿನಿಂದ ಮತ್ತೆ ಅಂಗಡಿಗೆ. ಯೋಗಿರಾಜ ತಾನೇ ಬಂದೂಕು ಮುರಿದು, ಎರಡೂ ನಳಿಗೆಯಲ್ಲಿ ಬೆಳಕು ಹಿಡಿದು ನೋಡಿ, ಖಾಲಿ ಎಂದು ಬರೆದುಕೊಳ್ಳುತ್ತಿದ್ದ. ಇಷ್ಟಾಗುವುದರೊಳಗೆ ಆರೂವರೆಯ ಬಸ್ಸು ಹೋಗಿರುತ್ತಿತ್ತು. ಮುಂದಿನದಕ್ಕೆ ಮುಕ್ಕಾಲು ತಾಸು. ಸಾತಪ್ಪ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ಕೂರುತ್ತಿದ್ದ. ಈಗ ಬಸ್ಸಿನಲ್ಲಿ ಅವನ ಪಕ್ಕ ಯಾರು ಬೇಕಾದರೂ ಕೂರುತ್ತಿದ್ದರು. ಎಷ್ಟೋ ದಿನ ಅಕ್ಕಲಕೋಟದವರೆಗೆ ನಿಂತೇ ಬಂದ.

ಮನೆಯ ಕಪಾಟಿನಲ್ಲಿ ಸಾರಿಕಾ ಹೊಲಿಗೆಯ ಬಟ್ಟೆ ಇಡತೊಡಗಿದಳು. ಒಂದು ದಿನ ಅವಳು ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಪೇಟೆಗೆ ಹೋದಳು. ಸಾತಪ್ಪನಿಗೆ ಅದನ್ನು ಪುತಳಾಬಾಯಿ ಹೇಳಿದಳು. ಪ್ರಣಾಲಿ ಮಾತ್ರ ಬರಲೇ ಇಲ್ಲ. ಅವಳ ಮನೆಯವರು ಬೇರೆ ಓಣಿಗೆ ಹೋಗಿದ್ದರು.

ಹೋದ ವರ್ಷ ಯೋಗಿರಾಜನಿಗೆ ಕಣ್ಣು ಮಂಜಾದವು. ಮಗಳು ಪುಣೆಗೆ ಕರೆದುಕೊಂಡು ಹೋಗುವವಳಿದ್ದಳು. ಅಂಗಡಿ ಮುಚ್ಚುವುದೆಂದು ಗೊತ್ತಾಯಿತು. ಬೇರೆ ಅಂಗಡಿಯವನೊಬ್ಬ ಹನ್ನೊಂದಕ್ಕಿಂತ ಮೊದಲು ಬಾಗಿಲು ತೆಗೆಯುವುದಿಲ್ಲ ಅಂದ. ಸಾತಪ್ಪ ಒಂದು ವಾರ ವಿಚಾರ ಮಾಡಿದ. ಆಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಬಂದೂಕು ಬೇಡ, ಪರವಾನಗಿಯೂ ಬೇಡ ಎಂದು ಅರ್ಜಿ ಬರೆದುಕೊಟ್ಟ. ಗುಮಾಸ್ತ ಎರಡು ಸಲ ಓದಿ, "ಸೊಡತಾಯ ಕಾ?" ಎಂದು ಮರಾಠಿಯಲ್ಲಿ ಕೇಳಿದ. ಬಿಡುತ್ತಿದ್ದೀಯಾ ಎಂದು. ಹೌದು ಅಂದ. ಜನ ಪರವಾನಗಿ ಬೇಕೆಂದು ಅಲೆಯುವ ಕಚೇರಿ ಅದು. ಬೇಡ ಅನ್ನಲು ಅವನು ಐದು ಸಲ ಅಲೆಯಬೇಕಾಯಿತು.

ಬಂದೂಕಿಲ್ಲದವನಿಗೆ ಬ್ಯಾಂಕಿನಲ್ಲಿ ಕೆಲಸವಿಲ್ಲ. ಗುರುಶಾಂತ ಶಾಲು ಹೊದಿಸಿ ಕಳಿಸಿದರು. ಈಗ ಸಾತಪ್ಪ ಅಕ್ಕಲಕೋಟ ರಸ್ತೆಯ ಒಂದು ಟವೆಲ್ ಗೋದಾಮಿನಲ್ಲಿ ಕೋಲು ಹಿಡಿದು ಕೂರುತ್ತಾನೆ. ಮೊದಲು ನಮಸ್ಕಾರ ಮಾಡುತ್ತಿದ್ದ ಕೆಲವರು ಈಗ ಕಂಡರೂ ಮಾಡುವುದಿಲ್ಲ. ಅದು ಅವನಿಗೆ ಚುಚ್ಚುತ್ತದೆ. ಚುಚ್ಚುವುದಿಲ್ಲ ಎಂದು ಅವನು ಹೇಳುವುದಿಲ್ಲ.

ಈ ಜನವರಿಯಲ್ಲಿ ಛಾಯಾ ಮತ್ತೆ ಫೋನು ಮಾಡಿದಳು. "ಕಾಕಾ, ಒಂದು ಸಾಲ್ಯಾಗ ಹುಡುಗರಿಗೆ ನಾಕು ಮಾತು ಹೇಳ್ರಿ. ನಾ ಪೊಲೀಸ್ ಡ್ರೆಸ್ಸಿನ ಮ್ಯಾಲ ಹೇಳಿದ್ರ ಅಂಜಿ ಕೂಡ್ತಾವ."

ಅವನಿಗೆ ಭಾಷಣ ಬರುವುದಿಲ್ಲ. ಹೋದ. ಮಕ್ಕಳ ಮುಂದೆ ಕುರ್ಚಿಯ ಮೇಲೆ ಕುಳಿತೇ ಮಾತಾಡಿದ. "ಬಂದೂಕು ಕಂಡ್ರ ಮುಟ್ಟಬ್ಯಾಡ್ರಿ. ಗೆಳತ್ಯಾರಿಗೆ ತೋರಿಸಬ್ಯಾಡ್ರಿ. ಖಾಲಿ ಅದ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ನಾ ಫೌಜಿನ್ಯಾಗ ಇದ್ದಾಂವ, ನನಗ ಗೊತ್ತಾಗಿಲ್ಲ ಒಂದ್ ಸಲ. ಅಲ್ಲಿಂದ ಹೊರಗ ಬಂದು ದೊಡ್ಡವ್ರಿಗೆ ಹೇಳ್ರಿ. ನಿಮ್ಮ ತಪ್ಪೇನಿಲ್ಲ ಅದ್ರಾಗ. ಹೇಳಿದ್ರ ಯಾರೂ ಹೊಡ್ಯೂದಿಲ್ಲ."

ಕೊನೆಯ ಮಾತು ಹೇಳುವಾಗ ಅವನಿಗೆ ಅಷ್ಟು ಖಾತ್ರಿ ಇರಲಿಲ್ಲ. ಯಾರನ್ನಾದರೂ ಕೊಂದಿದ್ದೀರಾ ಎಂದು ಒಬ್ಬ ಕೇಳಿದ. ಇಲ್ಲ ಅಂದ. ಹುಡುಗರಿಗೆ ನಿರಾಸೆಯಾಯಿತು. ಎಲ್ಲರೂ ಎದ್ದ ಮೇಲೆ ಎರಡನೆಯ ತರಗತಿಯ ಒಬ್ಬ ಹುಡುಗಿ ಛಾಯಾಳ ಹತ್ತಿರ ಬಂದು, ನಮ್ಮ ಮನ್ಯಾಗ ಬಾಗಲ ಹಿಂದ ಒಂದು ಜೋತು ಬಿಟ್ಟಾರ ಅಂದಳು.

ಮನೆ ಊರ ಹೊರಗೆ, ಹೊಲದಲ್ಲಿ. ಛಾಯಾ, ಸಾತಪ್ಪ ಇಬ್ಬರೂ ಅಲ್ಲಿಗೆ ನಡೆದು ಹೋದರು. ಹುಡುಗಿಯ ಅಪ್ಪ ಅಮೋಗಸಿದ್ಧ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ. ಬಂದೂಕು ಅವನ ಅಪ್ಪನ ಕಾಲದ್ದು, ಹಂದಿ ಬೆದರಿಸಲು ಇಟ್ಟದ್ದು, ಪರವಾನಗಿ ಇದೆ. ಪೊಲೀಸು ಬಂದದ್ದು ಅವನಿಗೆ ಸರಿಬರಲಿಲ್ಲ.

"ನಮ್ಮ ಮನಿ ಬಂದೂಕಿನ ಚಿಂತಿ ನಿಮಗ್ಯಾಕ್ರಿ? ಅಪ್ಪನ ಕಾಲದಿಂದ ಅಲ್ಲೇ ಅದ. ಏನಾಗ್ಯದ ಈ ತನಕ?"

"ಏನೂ ಆಗಿಲ್ಲ," ಅಂದ ಸಾತಪ್ಪ. "ನಮ್ಮ ಮನ್ಯಾಗೂ ಏನೂ ಆಗಲಿಲ್ಲ, ತಮ್ಮಾ. ನೀರು ಕೊಡು."

ಅಮೋಗಸಿದ್ಧನ ಹೆಂಡತಿ ನೀರು ತಂದಳು, ಸ್ವಲ್ಪ ಹೊತ್ತಿಗೆ ಚಹಾ ಕೂಡ. ಸಾತಪ್ಪ ಕಟ್ಟೆಯ ಮೇಲೆ ಕುಳಿತು ತನ್ನ ಮನೆಯಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳಿದ. ಅಮೋಗಸಿದ್ಧ ಕೇಳಿದನೋ ಇಲ್ಲವೋ ತಿಳಿಯಲಿಲ್ಲ. ಸೊಪ್ಪು ಹಾಕುತ್ತಲೇ ಇದ್ದ. ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ಕೇಳಿದಳು. ಛಾಯಾ ಮುಚ್ಚಳಿಕೆಯ ಕಾಗದ ತೆಗೆದಾಗ ಅಮೋಗಸಿದ್ಧ ಸಹಿ ಮಾಡಲಿಲ್ಲ. ನೋಡೋಣ ಅಂದ.

ರಸ್ತೆಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. "ಮುಂದಿನ ವಾರ ಮತ್ತೊಮ್ಮೆ ಬರಬೇಕಾಗ್ತದ್ರಿ ಕಾಕಾ," ಅಂದಳು ಛಾಯಾ.

"ಮಂಗಳವಾರ ನನಗ ಕೆಲಸಕ್ಕ ಸೂಟಿ," ಅಂದ ಸಾತಪ್ಪ. "ನೀ ಗಾಡಿ ತಗೊಂಡು ಬಾ ಅವ್ವ. ಇಷ್ಟು ದೂರ ನಡ್ಯಾಕ ಆಗೂದಿಲ್ಲ ಈಗ."